ಬೋಲ್ಟಿನ ಅಡಿಯ ಎರಡು ಚುಕ್ಕಿ

ಡಾರ್ಲೀನ್ ರಿಪೇರಿಗೆ ತಂದಿದ್ದ ಕಾರ್ಬೈನು, ಅಂದರೆ ಗಿಡ್ಡ ಬಂದೂಕು, ಪಿಸ್ತೂಲಿನ ಗುಂಡು ಹಾಕುವಂಥದ್ದು. ಹಿಡಿಯನ್ನು ಹಿಂದಕ್ಕೆಳೆದರೆ ಗುಂಡನ್ನು ನಳಿಗೆಗೆ ತಳ್ಳುವ ಒಳಗಿನ ಬೋಲ್ಟೂ ಜೊತೆಗೆ ಬರಬೇಕು. ಇದು ಅರ್ಧಕ್ಕೇ ಕಚ್ಚಿಕೊಳ್ಳುತ್ತಿತ್ತು. ಬಂದೂಕು ರಿಪೇರಿಯವರಲ್ಲಿ ಒಂದು ಕಟ್ಟಳೆಯಿದೆ: ಉಜ್ಜುವ ಅರ ತಾಗಬೇಕಾದ್ದು ಅಗ್ಗದ ಹಿಡಿಗೆ, ಬೋಲ್ಟಿಗಲ್ಲ. ಐಡಾಹೋದ ಈ ಅಂಗಡಿಯಲ್ಲಿ ಕೂತು ನಲವತ್ತು ವರ್ಷ ಎಲ್ಲರಿಗೂ ಅದನ್ನೇ ಬೈದು ಹೇಳಿದವನು ವರ್ನನ್. ಅದರಂತೆ ಹಿಡಿಯನ್ನು ಉಜ್ಜಿದ, ಕಚ್ಚಿತು. ಹೊಸ ಹಿಡಿ ಹಾಕಿದ, ಅದೂ ಕಚ್ಚಿತು. ಕೊನೆಗೆ ತನ್ನ ಡ್ರಾಯರಿನ ಬೋಲ್ಟು ಹಾಕಿ ಎಳೆದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

"ಹಂಗಾದ್ರೆ ಬೋಲ್ಟೇ ಕೆಟ್ಟಿರೋದು," ಎಂದಳು ಡಾರ್ಲೀನ್. "ಬಂದೂಕು ಸಂತೇಲಿ ಯಾವನೋ ನನ್ ತಲೆಗೆ ಕಟ್ಟಿದ ನೋಡು. ಭಾನುವಾರ ಪಂದ್ಯ ಬೇರೆ ಇದೆ."

ವರ್ನನ್ ಬಿಚ್ಚಿಟ್ಟಿದ್ದ ಅವಳ ಬೋಲ್ಟನ್ನು ದೀಪಕ್ಕೆ ಹಿಡಿದ. ಹಿಡಿ ಕೂರುವ ತೋಡನ್ನು ಯಾರೋ ಅರದಿಂದ ಉಜ್ಜಿದ್ದರು, ಅದೂ ಸೊಟ್ಟಸೊಟ್ಟಗೆ, ನಡುಗುವ ಕೈಯಲ್ಲಿ. ತಿರುಗಿಸಿದ. ಅಡಿಯಲ್ಲಿ ಅಕ್ಕಪಕ್ಕ ಎರಡು ಸಣ್ಣ ಚುಕ್ಕಿಗಳಿದ್ದವು. ಕೆಲಸ ಮುಗಿಸಿದ ಪ್ರತಿ ಬೋಲ್ಟಿಗೂ ಅವನೇ ಹೊಡೆಯುವ ಗುರುತು ಅದು. ಕಳೆದ ಚಳಿಗಾಲದ್ದಿರಬೇಕು, ನೆನಪೇ ಇರಲಿಲ್ಲ.

"ಯಾವ ಮುಠ್ಠಾಳನ ಕೈಕೆಲಸನಪ್ಪ ಇದು?" ಎಂದಳು ಡಾರ್ಲೀನ್.

ವರ್ನನ್ ಬಲಗೈಯನ್ನು ಏಪ್ರನ್ನಿನ ಜೇಬಿಗೆ ಇಳಿಸಿದ. ಅಲ್ಲೂ ಅದು ನಡುಗುವುದನ್ನು ಬಿಡಲಿಲ್ಲ.

"ನಂಗೊತ್ತು ಅವನು. ಒಂದು ಕಾಲಕ್ಕೆ ಒಳ್ಳೆ ಕೆಲಸಗಾರ. ಅಂಗಡಿ ಮುಚ್ಚಿಬಿಟ್ಟ."

"ಯಾವಾಗ?"

"ಇವತ್ತು."