ಕರಿಗಲ್ಲೂರಿನವರ ಮಣ್ಣು

ಅಕ್ತರ್ ಆಂಬುಲೆನ್ಸಿನ ಹಿಂಬಾಗಿಲು ತೆರೆದು ಸ್ಟ್ರೆಚರನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದ.

"ಊರಿಗಾ, ಇಲ್ಲೇನಾ, ಯಾವ್ದಾದ್ರೂ ಒಂದು ಹೇಳ್ಬಿಡಿ ಸಾರ್. ಈ ಗಲ್ಲೀಲಿ ಗಾಡಿ ಎಷ್ಟೊತ್ತು ನಿಲ್ಸೋಕಾಗುತ್ತೆ?"

ಅವನ ಹಿಂದೆ ನೀರಿನ ಟ್ಯಾಂಕರು ಹಾರ್ನ್ ಹೊಡೆಯುತ್ತಲೇ ಇತ್ತು. ಕಿರಣಕುಮಾರ ಜೋಗುಪಾಳ್ಯದ ತಮ್ಮ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ಮೊಬೈಲನ್ನು ಕಿವಿಗೊತ್ತಿಕೊಂಡು ನಿಂತಿದ್ದ. ಒಳಗೆ ಅವನ ಅಪ್ಪ ಸಾಯಬಣ್ಣನ ಹೆಣವನ್ನು ಚಾಪೆಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಕೂತ ತಾಯಿ ಕಾವೇರಿಯದು ಬೆಳಗಿನಿಂದ ಒಂದೇ ಮಾತು: ಕರಿಗಲ್ಲೂರಿಗೆ ಒಯ್ಯಬೇಕು.

ಒಯ್ಯುವುದೇನೋ ಸರಿ, ಅಲ್ಲಿ ಕುಣಿ ತೋಡುವವರು ಯಾರು? ಕರಿಗಲ್ಲೂರಿನಲ್ಲಿ ಗೇಣು ಮಣ್ಣಿನ ಕೆಳಗೆ ಬರೀ ಕಲ್ಲು. ಅಲ್ಲಿ ಕುಣಿಯೆಂದರೆ ಕಲ್ಲು ಖಣಿಯಲ್ಲಿ ದುಡಿದವರ ಕೆಲಸ. ಹಾರೆ ಹಾಕಿ ಕಲ್ಲು ಮೀಟಬೇಕು. ಕಿರಣ ಊರಿನ ಮನೆಮನೆಗೆ ಫೋನು ಮಾಡಿದ್ದ. ಹಲವು ಕಡೆ ಗಂಟೆ ಬಾರಿಸಿ ನಿಂತಿತ್ತು. ಕೊನೆಗೆ ಎತ್ತಿದ ಮುದುಕನೊಬ್ಬ, ತಾನು ಕೋಲು ಹಿಡಿದು ಎದ್ದು ನಿಲ್ಲುವುದೇ ಕಷ್ಟವೆಂದೂ, ಹಾರೆ ಹಿಡಿಯುವವರೆಲ್ಲ ನಿಮ್ಮ ಬೆಂಗಳೂರಿನಲ್ಲೇ ಇದ್ದಾರಲ್ಲ ಎಂದೂ ಹೇಳಿ ಇಟ್ಟುಬಿಟ್ಟ.

ಅದು ನಿಜವಾಗಿತ್ತು. ಇಂದಿರಾನಗರದ ಮನೆಗಳಿಗೆ ನೆಲ ಹಾಸುವವರು, ಕೆ.ಆರ್. ಪುರದಲ್ಲಿ ಕಾಂಕ್ರೀಟು ಹೊರುವವರು, ಕರಿಗಲ್ಲೂರಿನ ಗಟ್ಟಿಮುಟ್ಟಾದ ಗಂಡಸರೆಲ್ಲ ಈ ಗಲ್ಲಿಯಲ್ಲೇ ಗೋಡೆಗೆ ಒರಗಿ ನಿಂತಿದ್ದರು.

ಕಾವೇರಿ ಎದ್ದು ಬಾಗಿಲಿಗೆ ಬಂದಳು. ಮನೆ ಮಾಲಕಿ ನೂರ್ಜಹಾನಳ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ ಮುತ್ತಣ್ಣನನ್ನು ನೋಡಿ, "ಮುತ್ತಣ್ಣಾ, ನಾಕ ಮಂದೀನ್ನ ಕರಕೊಂಡು ನೀನೂ ಗಾಡ್ಯಾಗ ಬಾ," ಎಂದಳು.

ಗೋಡೆಗೆ ಒರಗಿದವರೆಲ್ಲ ಅವನತ್ತ ತಿರುಗಿದರು. ಮುತ್ತಣ್ಣ ಸಾಯಬಣ್ಣನೊಡನೆ ಮಾತು ಬಿಟ್ಟು ವರ್ಷಗಳಾಗಿದ್ದವು. ಇಂದು ಬಂದದ್ದೇ ಹೆಚ್ಚು ಎಂದು ಎಲ್ಲರೂ ಅಂದುಕೊಂಡಿದ್ದರು.

"ನಾ ಬರಂಗಿಲ್ಲ ವೈನಿ," ಎಂದ ಮುತ್ತಣ್ಣ.

* * *

ಕರಿಗಲ್ಲೂರಿಗೆ ಸುಲ್ತಾನರ ಕಾಲದ ಕೋಟೆಯಿತ್ತು. ಊರ ಖಣಿಗಳ ಫರಸಿ ಕಲ್ಲು ಹೈದರಾಬಾದಿನ ದೊಡ್ಡ ದೊಡ್ಡ ಮನೆಗಳ ನೆಲವಾಗಿತ್ತು. ನಿಜಾಮನ ಕಾಲಕ್ಕೆ ರೈಲು ಬಂತು, ರೈಲಿನ ಹಿಂದೆ ಸಿಮೆಂಟು ಕಾರ್ಖಾನೆ. ಮುತ್ತಣ್ಣ ಹರೆಯದವನಾಗಿದ್ದಾಗ ಊರಿನ ಟಾಕೀಸಿನಲ್ಲಿ ಮೂರನೇ ಪಾಳಿಯವರಿಗೆಂದೇ ಬೆಳಗಿನ ಆಟವಿರುತ್ತಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣು ಕೊಡುವವರು ಕರಿಗಲ್ಲೂರ ಎಂದರೆ ಎರಡನೇ ಮಾತು ಆಡುತ್ತಿರಲಿಲ್ಲ.

ತೊಂಬತ್ಮೂರರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಭಟ್ಟಿಯಲ್ಲಿ ಕೆಲಸಕ್ಕಿದ್ದ ಸಾಯಬಣ್ಣ ಯೂನಿಯನ್ನಿನ ಸೆಕ್ರೆಟರಿ. ಗೇಟಿನ ಮುಂದೆ ಧರಣಿಗೆ ಪೆಂಡಾಲು ಹಾಕಿಸಿದ. ಊರು ಬಿಡಬೇಡಿ, ಬಿಟ್ಟರೆ ಹಕ್ಕೂ ಹೋಗುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದ. ಅವನ ಮಾತಿಗೆ ತೂಕವಿತ್ತು. ಮಲೇರಿಯಾ ಬಂದ ವರ್ಷ ಆಸ್ಪತ್ರೆಯ ಮುಂದೆ ಹಗಲೂ ರಾತ್ರಿ ನಿಂತವನು ಅವನೇ. ಹಾಗಾಗಿ ಜನ ಕೂತರು. ಮುತ್ತಣ್ಣನಿಗೆ ಭಾವಮೈದುನ ಬೆಂಗಳೂರಿನಲ್ಲಿ ಒಂದು ಕಾಯಂ ಕೆಲಸ ನೋಡಿದ್ದ. ಸಾಯಬಣ್ಣ ಬೇಡವೆಂದ, ಮುತ್ತಣ್ಣ ಹೋಗಲಿಲ್ಲ. ಆ ಕೆಲಸ ಬೇರೆ ಯಾರಿಗೋ ಹೋಯಿತು.

ಆಮೇಲೆ ಎಕ್ಸ್‌ಪ್ರೆಸ್ ರೈಲು ನಿಲ್ಲುವುದು ತಪ್ಪಿತು. ಟಾಕೀಸು ತೊಗರಿಯ ಗೋದಾಮಾಯಿತು. ಪೆಂಡಾಲಿನ ಬಟ್ಟೆ ಹರಿದ ಮೇಲೂ ಮುತ್ತಣ್ಣ ಕೂತ. ಕೊನೆಗೆ ಊರು ಬಿಟ್ಟಾಗ ಕೈ ಪೂರ್ತಿ ಖಾಲಿ. ಹತ್ತನೇ ಇಯತ್ತೆಯಲ್ಲಿ ತಾಲೂಕಿಗೇ ಮೊದಲು ಬಂದಿದ್ದ ಮಗಳು ಜಯಮಾಲಾ ಬೆಂಗಳೂರಿಗೆ ಬಂದವಳೇ ಗಾರ್ಮೆಂಟ್ಸಿಗೆ ಸೇರಿದಳು. ಇಂದಿಗೂ ಅಲ್ಲೇ ಇದ್ದಾಳೆ.

* * *

"ಅವರ ಮ್ಯಾಲ ಇನ್ನೂ ಸಿಟ್ಟೇನು?" ಎಂದಳು ಕಾವೇರಿ. "ಕಾರ್ಖಾನಿ ಮುಚ್ಚೇ ಹೋಗತದಂತ ಅವರಿಗರ ಏನ ಗೊತ್ತಿತ್ತು?"

"ಗೊತ್ತಿತ್ತು." ಮುತ್ತಣ್ಣ ಎದ್ದು ನಿಂತ. ಇಷ್ಟು ವರ್ಷ ಯಾರ ಮುಂದೆಯೂ ಆಡದ ಮಾತು ಹೊರಗೆ ಬಂತು. "ಯಂತ್ರ ಬಿಚ್ಚಿ ಲಾರಿಗಿ ಹಾಕೂದು ಕಣ್ಣಾರೆ ನೋಡ್ಯಾನ ವೈನಿ. ನಾನೂ ಬಾಜೂಕೇ ನಿಂತಿದ್ದೆ. ರಿಪೇರಿಗಿ ಹೊಂಟಾವ ಅಂದ. ನಾ ನಂಬಿದೆ."

ಕಿರಣ ತಾಯಿಯನ್ನು ತಡೆಯಲು ಕೈಚಾಚಿದ. ಅವಳು ಆ ಕೈಯನ್ನು ಸರಿಸಿದಳು.

"ನನಗೂ ಹಂಗೇ ಹೇಳಿದರು," ಎಂದಳು. ಆಮೇಲೆ ಮಗನಿಗೆ, "ಇಲ್ಲೇ ಮಣ್ಣ ಮಾಡ್ರಿ. ಅಲ್ಲಿ ಯಾರ ಅದಾರ," ಎಂದು ಒಳಗೆ ಹೋದಳು.

* * *

ಬೆಂಗಳೂರಿನಲ್ಲಿ ಮುತ್ತಣ್ಣ ಸಾಯಬಣ್ಣನಿಗೆ ಎದುರಾದದ್ದು ಒಂದೇ ಸಲ. ಇಂದಿರಾನಗರದ ಅಪಾರ್ಟ್‌ಮೆಂಟೊಂದಕ್ಕೆ ನೆಲ ಹಾಸಲು ಹೋದಾಗ ಗೇಟು ತೆರೆದವನು ಸಾಯಬಣ್ಣ. ಎತ್ತರದ ಮೈಗೆ ಗಿಡ್ಡವಾದ ಸೆಕ್ಯೂರಿಟಿ ಅಂಗಿ. ಒಳಗೆ ಬರುವ ಕಾರುಗಳಿಗೆಲ್ಲ ಸಲ್ಯೂಟು ಹೊಡೆಯುತ್ತಿದ್ದ. ಮುತ್ತಣ್ಣ ಅವನು ಕ್ಷಮೆ ಕೇಳಬಹುದೆಂದು ಕಾದ. ಕೇಳಿದ್ದರೆ ಬಯ್ದು, ಕೂಡಿ ಚಹಾ ಕುಡಿಯಲೂ ತಯಾರಿದ್ದ. ಸಾಯಬಣ್ಣ ಅವನ ಕೈ ಹಿಡಿದು ಗೇಟಿನ ಮರೆಗೆ ಕರೆದೊಯ್ದು ಪಿಸುಗುಟ್ಟಿದ:

"ಹೊಸಾ ಮಾಲಕ ಬರಲತ್ತಾನಂತ ಮುತ್ತಣ್ಣಾ. ಮತ್ತ ಭಟ್ಟಿ ಹಚ್ಚತಾರ. ಯಾರಿಗೂ ಹೇಳಬ್ಯಾಡ."

ಅವನ ಕಣ್ಣಿನಲ್ಲಿ ಸುಳ್ಳಿರಲಿಲ್ಲ. ಮುತ್ತಣ್ಣನಿಗೆ ತಡೆಯಲಾಗದ್ದು ಅದೇ. ಕೈ ಕೊಸರಿಕೊಂಡು, ಆ ದಿನದ ಕೆಲಸವನ್ನೂ ಬಿಟ್ಟು ಹೊರಟುಬಂದಿದ್ದ.

* * *

ಸ್ಮಶಾನದಲ್ಲಿ ಆಗಲೇ ಕುಣಿ ತೋಡಿಟ್ಟಿದ್ದರು. ಮುತ್ತಣ್ಣ ಅಂಚಿಗೆ ಬಂದು ನೋಡಿ, ಇದು ಸಾಲುವುದಿಲ್ಲ ಎಂದ.

"ಎಲ್ರಿಗೂ ಇಷ್ಟೇ ತೆಗೆಯೋದು, ಸಾಕಾಗುತ್ತೆ ಬಿಡಿ," ಎಂದ ತೋಡಿದವನು. ಅವನಿಗೆ ಇನ್ನೂ ಎರಡು ಹೆಣಗಳು ಕಾದಿದ್ದವು. ಸುಮ್ಮನೆ ಇಳಿಸಿಬಿಡೋಣವೆಂದು ಕಿರಣನೂ ಹೇಳಿದ. ಬೆಳಗಿನಿಂದ ಅಲೆದು ಅವನಿಗೆ ಸಾಕಾಗಿತ್ತು.

ಮುತ್ತಣ್ಣ ಯಾರ ಮಾತನ್ನೂ ಕೇಳಲಿಲ್ಲ. ಅಂಗಿ ಬಿಚ್ಚಿ ಮೆತ್ತನೆಯ ಕೆಂಪು ಮಣ್ಣಿನೊಳಗೆ ಇಳಿದ. ತಲೆಯ ಕಡೆ ಕಡಿದ, ಕಾಲಿನ ಕಡೆ ಕಡಿದ, ಬುಟ್ಟಿ ಬುಟ್ಟಿ ಮಣ್ಣು ಮೇಲಕ್ಕೆ ಕೊಟ್ಟ. ಬೆವರು ಕಣ್ಣಿಗಿಳಿದಾಗ ತೋಳಿನಿಂದ ಒರೆಸಿಕೊಂಡ. ಬಳಿಕ ಸಲಿಕೆಯನ್ನು ಹೊರಗೆಸೆದು, ಎಲ್ಲರೂ ನೋಡುತ್ತಿದ್ದಂತೆ ಕುಣಿಯಲ್ಲಿ ಅಂಗಾತ ಮಲಗಿದ. ಅವನದೂ ಸಾಯಬಣ್ಣನದೂ ಒಂದೇ ಎತ್ತರ.

ಮೇಲೆ ನಿಂತವರಲ್ಲಿ ಒಬ್ಬಿಬ್ಬರು, ಇದು ಒಳ್ಳೆಯದಲ್ಲ, ಏಳು ಎಂದರು. ಕಿರಣ ಬಗ್ಗಿ ಕೈ ನೀಡಿದ. ಕಾವೇರಿ ಅಂಚಿಗೆ ಬಂದು ಸೆರಗು ಬಿಗಿಹಿಡಿದು ನಿಂತಳು.

"ಸಾಲ್ತದೇನು ಮುತ್ತಣ್ಣಾ?"

"ಸಾಲ್ತದ," ಎಂದ ಮುತ್ತಣ್ಣ. ಕಣ್ಣು ಮುಚ್ಚಿಕೊಂಡು ಹಾಗೆಯೇ ಮಲಗಿದ್ದ. ಕಿರಣ ನೀಡಿದ ಕೈ ನೀಡಿದಂತೆಯೇ ಇತ್ತು.