ಮೂರನೇ ಮೇಜಿನ ಮುಷ್ಕರ

ನಮ್ಮ ನೌಕರರ ಸಂಘ ಎದೆ ತಟ್ಟಿ ಹೇಳಿಕೊಳ್ಳಬಹುದಾದ ಗೆಲುವು ಒಂದೇ: ಊಟದ ಹೊತ್ತಿನ ಬೀಗ. ಹನ್ನೆರಡೂವರೆಗೆ ಪ್ರಯೋಗಾಲಯದ ಎಲ್ಲ ಕೋಣೆಗಳಿಗೂ ಬೀಗ ಬೀಳಬೇಕು, ಒಂದು ಗಂಟೆ ಯಾರೂ ಒಳಗಿರಬಾರದು, ಬೀಗದ ಕೈ ಸಂಘದ ಕಾರ್ಯದರ್ಶಿಯ ಜೇಬಿನಲ್ಲಿರಬೇಕು. ಕಾರ್ಯದರ್ಶಿ ನಾನೇ. ಅದಕ್ಕೂ ಮೊದಲು ನಾವೆಲ್ಲ ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಫ್ಲಾಸ್ಕು ಹಿಡಿದು ಬದುಕಿದವರು. ಊರು ಕುಡಿಯುವ ನೀರೆಲ್ಲ ಸೀಸೆಗಳಲ್ಲಿ ನಮ್ಮ ಮೇಜಿಗೆ ಬರುತ್ತದೆ. ಕುಡಿಯಬಹುದೋ ಇಲ್ಲವೋ ಅಂತ ಅವತ್ತೇ ಹೇಳಬೇಕು. ‘ನೀರು ಕಾಯೋದಿಲ್ಲ’ ಅನ್ನುತ್ತಿದ್ದರು ನಿರ್ದೇಶಕರು. ‘ಹೊಟ್ಟೆಯೂ ಕಾಯೋದಿಲ್ಲ’ ಅಂದು ಬೀಗ ಹಾಕಿಸಿದವರು ನಮ್ಮ ಸಂಘದ ಅಧ್ಯಕ್ಷೆ. ಸೂಕ್ಷ್ಮಜೀವಿ ವಿಭಾಗದ ಹಿರಿಯ ವಿಜ್ಞಾನಿ ಅವರು. ವಯಸ್ಸಿಗೂ ಬಾಯಿಗೂ ಹೆದರಿ ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುತ್ತೇವೆ.

ಎರಡನೇ ಮೇಜು ನನ್ನದು, ಮೂರನೆಯದು ಅಕ್ಕನದು. ನನ್ನ ಸ್ವಂತ ಅಕ್ಕ. ನಾಲ್ಕು ಮತ್ತು ಐದನೆಯ ಮೇಜಿನವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ, ಅವರ ಸೀಸೆಗಳು ಮಾತ್ರ ಅಕ್ಕನ ಮುಂದೆ ಬಂದು ನಿಂತವು. ಅವಳು ಬೇಡ ಅನ್ನಲಿಲ್ಲ. ಒಂದು ಮಧ್ಯಾಹ್ನ ಕೈಯಲ್ಲಿದ್ದ ಫ್ಲಾಸ್ಕನ್ನು ಒಡೆಯದ ಹಾಗೆ ಮೇಜಿನ ಮೇಲಿಟ್ಟು, ಆಮೇಲೆ ನೆಲಕ್ಕೆ ಬಿದ್ದಳು.

ಡಾಕ್ಟರು ಮೂರು ತಿಂಗಳ ವಿಶ್ರಾಂತಿ ಬರೆದರು. ಆ ರಜೆಯನ್ನು ಮಂಜೂರು ಮಾಡಿಸುವಷ್ಟರಲ್ಲಿ ದೊಡ್ಡಮ್ಮನೂ ನಾನೂ ಹೈರಾಣಾದೆವು. ಅದೇ ವಾರ ಇಲಾಖೆ ನೌಕರರ ಕ್ಷೇಮ ಸಪ್ತಾಹ ನಡೆಸಿತು. ಹೊಳೆಯುವ ಬೂಟು ಹಾಕಿಕೊಂಡ ತರಬೇತುದಾರನೊಬ್ಬ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ‘ಉಸಿರು ಒಳಗೆ, ಚಿಂತೆ ಹೊರಗೆ’ ಅಂದ.

‘ಇನ್ನಿಬ್ಬರು ಆಳು ಒಳಗೆ ಬರಲಿ, ಚಿಂತೆ ತಾನಾಗಿ ಹೊರಗೆ ಹೋಗುತ್ತೆ’ ಅಂದರು ದೊಡ್ಡಮ್ಮ, ಕಣ್ಣು ಮುಚ್ಚಿಕೊಂಡೇ.

ಅಕ್ಕನ ಬದಲಿಗೆ ಒಬ್ಬರನ್ನು ಕೊಡಿ ಅಂತ ಕೇಳಿದೆವು. ನಿರ್ದೇಶಕರು ಜಗ್ಗಲಿಲ್ಲ. ಹಾಗಾದರೆ ಮೂರನೇ ಮೇಜಿನ ಸೀಸೆಗಳನ್ನು ಯಾರೂ ಮುಟ್ಟುವುದು ಬೇಡ, ರಾಶಿ ಬಿದ್ದರೆ ಅವರ ಕಣ್ಣು ತೆರೆಯುತ್ತದೆ ಅಂತ ಸಂಘ ತೀರ್ಮಾನಿಸಿತು. ಸೋಮವಾರ ಬೆಳಿಗ್ಗೆ ಸೀಸೆಗಳು ಬಂದು ಸಾಲಾಗಿ ನಿಂತವು. ಹನ್ನೆರಡೂವರೆಗೆ ನಾನೇ ಬೀಗ ಹಾಕಿದೆ. ಊಟ ಮುಗಿಸಿ ಬಂದು ತೆಗೆದಾಗ ಮೂರನೇ ಮೇಜಿನ ಫ್ಲಾಸ್ಕುಗಳನ್ನು ಯಾರೋ ತೊಳೆದು ಬೋರಲು ಹಾಕಿದ್ದರು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಂದೊಂದು ಸೀಸೆಯ ಚೀಟಿಯ ಮೇಲೂ ಪೆನ್ಸಿಲಿನಲ್ಲಿ ಅಂಕಿ.

ನಾನೇ ಮತ್ತೊಮ್ಮೆ ಪರೀಕ್ಷಿಸಿದೆ. ಅಂಕಿಗಳೆಲ್ಲ ಸರಿಯಾಗಿದ್ದವು.

ಮಂಗಳವಾರವೂ ಹಾಗೇ. ಬುಧವಾರ ನಿರ್ದೇಶಕರು ಕರೆಸಿದರು. ಖುಷಿಯಾಗಿದ್ದರು.

‘ಮೂರನೇ ಮೇಜಲ್ಲಿ ಏನೂ ಬಾಕಿ ಇಲ್ವಂತಲ್ಲ. ಇನ್ನು ಬದಲಿ ಯಾಕ್ರೀ?’

‘ಆ ಕೆಲಸ ನಾವ್ಯಾರೂ ಮಾಡ್ತಾ ಇಲ್ಲ ಸಾರ್.’

‘ಆಗ್ತಾ ಇದೆಯಲ್ಲ?’

‘ಯಾರು ಮಾಡ್ತಿದ್ದಾರೆ ಅಂತ ಗೊತ್ತಿಲ್ಲ ಸಾರ್.’

‘ನಾನು ಇಲ್ಲಿಗೆ ಬಂದಾಗಿನಿಂದ ಇಲ್ಲಿನ ಕೆಲಸ ಯಾರು ಮಾಡ್ತಾರೆ ಅಂತ ನನಗೂ ಗೊತ್ತಿಲ್ಲ. ಏನು ತೊಂದರೆ ಆಗಿದೆ?’ ಅಂದು ನಕ್ಕರು.

ಹೊರಗೆ ಬಂದು ಮೂರನೇ ಮೇಜಿನ ಎದುರು ನಿಂತೆ. ನಮ್ಮ ಪರೀಕ್ಷೆಯಲ್ಲಿ ಫ್ಲಾಸ್ಕಿನ ನೀರಿಗೆ ಮೇಲಿನ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತೇವೆ. ಕೆಂಪು ಬಣ್ಣ ನೀಲಿಗೆ ತಿರುಗುವ ಆ ಒಂದು ಹನಿಯನ್ನು ಹಿಡಿಯಬೇಕು. ಬಣ್ಣ ಸ್ಪಷ್ಟವಾಗಿ ಕಾಣಲಿ ಅಂತ ಕೆಳಗೆ ಬಿಳಿ ಪಿಂಗಾಣಿ ಬಿಲ್ಲೆ ಇಡುವುದು ರೂಢಿ. ಅಕ್ಕನ ಬಿಲ್ಲೆ ಒಡೆದುಹೋಗಿ, ಹೊಸದು ಬರಲೇ ಇಲ್ಲ. ಅವಳು ಸೋಸುವ ಕಾಗದವನ್ನು ನಾಲ್ಕಾಗಿ ಮಡಚಿ, ಒಂದು ಮೂಲೆ ಹರಿದು, ಅದನ್ನೇ ಇಡುತ್ತಿದ್ದಳು. ಮೂಲೆ ಯಾಕೆ ಹರಿಯುತ್ತೀಯೇ ಅಂದರೆ, ‘ನಿಮ್ಮಂಥ ಕಳ್ಳರು ಎತ್ತಿಕೊಂಡು ಹೋಗದ ಹಾಗೆ’ ಅನ್ನುತ್ತಿದ್ದಳು.

ಕೊಳವೆಯ ಕೆಳಗೆ ನಾಲ್ಕಾಗಿ ಮಡಚಿದ ಕಾಗದವಿತ್ತು. ಮೂಲೆ ಹರಿದಿತ್ತು. ಕಾಗದ ಇನ್ನೂ ಒದ್ದೆ.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಬಾಗಿಲಲ್ಲೇ ನಿಲ್ಲಿಸಿ ದನಿ ತಗ್ಗಿಸಿದರು.

‘ನಿಮ್ಮ ಸಂಘ ರಜೆ ಕೊಡಿಸಿತು, ಸರಿ. ಆದ್ರೆ ಇವಳಿಗೆ ರೆಸ್ಟ್ ಯಾರು ಕೊಡಿಸ್ತಾರಪ್ಪ? ದಿನಾ ಮಧ್ಯಾಹ್ನ ಹನ್ನೆರಡೂವರೆ ಆಗಬೇಕು, ಯಾರೋ ಸ್ವಿಚ್ ಆರಿಸಿದ ಹಾಗೆ ನಿದ್ದೆ. ಅಲ್ಲಾಡಿಸಿದ್ರೂ ಏಳಲ್ಲ. ಏಳುವಾಗ ಇನ್ನೂ ಸೋತಿರ್ತಾಳೆ. ನಿನ್ನೆ ನೀರಿನ ಲೋಟ ಎತ್ತೋಕೂ ಆಗಲಿಲ್ಲ. ಹೀಗೇ ಆದ್ರೆ, ರಜೆ ಮುಗಿಯೋ ಹೊತ್ತಿಗೆ ಅವಳೇ ಇರಲ್ಲ.’

ಅಕ್ಕ ಮಂಚದ ಮೇಲೆ ಒರಗಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಅವಳ ಕೈ ಹಿಡಿದುಕೊಂಡೆ. ತುಂಬ ಹೊತ್ತು ನೀರಿನಲ್ಲಿದ್ದ ಹಾಗೆ ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ಅಮೋನಿಯಾದ ಘಾಟು. ನಮ್ಮ ಪರೀಕ್ಷೆಗೆ ಬಳಸುವ ದ್ರಾವಣದ ವಾಸನೆ ಅದು. ಮನೆಯಲ್ಲಿ ಅಂಥದ್ದೇನೂ ಇಲ್ಲ ಅಂತ ಭಾವ ಆಣೆ ಮಾಡಿದರು.

‘ಕನಸು ಬೀಳುತ್ತೇನೇ?’

‘ಇಲ್ಲ ಕಣೋ. ಕೆಲಸ ಮುಗಿಸಿದ ಹಾಗಿರುತ್ತೆ, ಅಷ್ಟೇ’ ಅಂದಳು.

ಗುರುವಾರ ಮೂರನೇ ಮೇಜಿನ ಸೀಸೆಗಳನ್ನೆಲ್ಲ ನನ್ನ ಮೇಜಿಗೆ ಎತ್ತಿಟ್ಟುಕೊಂಡೆ. ನಾನೇ ಮಾಡಿ ಮುಗಿಸಿದರೆ ಅವಳಿಗೆ ಬರುವ ಅಗತ್ಯವೇ ಇರುವುದಿಲ್ಲ ಅಂದುಕೊಂಡೆ. ಅರ್ಧವೂ ಮುಗಿದಿರಲಿಲ್ಲ, ಹನ್ನೆರಡೂವರೆಯಾಯಿತು. ಬೀಗ ತೆಗೆದಾಗ ಅವಳ ಸೀಸೆಗಳೂ ಮುಗಿದಿದ್ದವು, ನಾನು ಮುಟ್ಟದೇ ಬಿಟ್ಟಿದ್ದ ನನ್ನ ಸೀಸೆಗಳೂ ಮುಗಿದಿದ್ದವು. ಅಷ್ಟರಲ್ಲಿ ಭಾವನ ಫೋನು: ನಿದ್ದೆಯಲ್ಲೇ ಮೂಗಿನಿಂದ ರಕ್ತ ಬಂದಿದೆ, ದಿಂಬೆಲ್ಲ ಒದ್ದೆ.

ಶುಕ್ರವಾರ ಸೀಸೆಗಳನ್ನು ಅವುಗಳ ಜಾಗದಲ್ಲೇ ಬಿಟ್ಟೆ. ನಾವೇ ಮಾಡಿದ ನಿಯಮವನ್ನು ಮುರಿದು, ಒಳಗಿನಿಂದ ಚಿಲಕ ಹಾಕಿಕೊಂಡು ಕೂತೆ. ಕಿಟಕಿಯಲ್ಲಿ ಢಾಳಾದ ಬಿಸಿಲಿತ್ತು. ಕೆಳಗಿನ ಊಟದ ಕೋಣೆಯಿಂದ ತಟ್ಟೆಗಳ ಸದ್ದು, ಯಾರದೋ ನಗು. ಮೂರನೇ ಮೇಜಿನ ಸ್ಟೂಲು ಕಿರ್ ಅಂದಿತು, ಭಾರ ಬಿದ್ದಾಗ ಅನ್ನುವ ಹಾಗೆ. ಸೀಸೆಯ ಬಿರಡೆ ತಿರುಗಿತು. ಫ್ಲಾಸ್ಕು ಮೇಲೆದ್ದು, ಗಾಳಿಯಲ್ಲಿ ಸಣ್ಣ ಸಣ್ಣ ಸುತ್ತು ಸುತ್ತತೊಡಗಿತು. ನಾವು ಮಣಿಕಟ್ಟು ತಿರುಗಿಸುವ ಹಾಗೇ. ಹನಿ ಬಿತ್ತು. ಇನ್ನೊಂದು ಬಿತ್ತು. ಕೆಂಪು ನೀಲಿಯಾಯಿತು.

ನಾನು ಸ್ಟೂಲಿನ ಹತ್ತಿರ ಹೋದೆ.

‘ಅಕ್ಕಾ, ರಜೆ ಮಂಜೂರಾಗಿದೆ ಕಣೇ. ಮನೆಗೆ ಹೋಗು’ ಅಂದೆ.

ಫ್ಲಾಸ್ಕು ಒಂದು ಕ್ಷಣ ನಿಂತಿತು. ಮತ್ತೆ ಸುತ್ತತೊಡಗಿತು. ಇದೊಂದು ಮುಗಿಸಿ ಬರ್ತೀನಿ ತಾಳೋ ಅಂತ ಅವಳು ಯಾವಾಗಲೂ ಮಾಡುವುದು ಹೀಗೇ. ಬೇಡಿಕೊಂಡೆ, ಗದರಿದೆ, ಅತ್ತೆ. ಆ ಒಂದು ಗಂಟೆ ಅವಳು ತಲೆ ಎತ್ತಲಿಲ್ಲ. ತಲೆ ಇದ್ದರಲ್ಲವೇ.

ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

‘ನಿಮ್ಮಕ್ಕ ಯಾರ ಮಾತು ಕೇಳ್ತಾಳೋ?’

‘ಯಾರದ್ದೂ ಇಲ್ಲ. ಅಪ್ಪನ ಮಾತನ್ನೂ ಕೇಳ್ತಿರಲಿಲ್ಲ.’

‘ಸಂಘದ ಮಾತು?’

ನನಗೆ ತಟ್ಟನೆ ಹೊಳೆಯಿತು. ಸಂಬಳ ಪರಿಷ್ಕರಣೆಗೆ ಮುಷ್ಕರ ಹೂಡಿದ್ದಾಗ ಅಕ್ಕ ಮೈಸುಡುವ ಜ್ವರದಲ್ಲಿ ಗೇಟಿನ ಮುಂದೆ ಬಂದು ಕೂತಿದ್ದಳು. ಒಳಗೆ ಬಂದು ಒಂದೇ ಒಂದು ಸೀಸೆ ನೋಡಿಕೊಡಮ್ಮ ಅಂತ ಆಗಿನ ನಿರ್ದೇಶಕರು ಕೈಮುಗಿದರೂ ಏಳಲಿಲ್ಲ. ಮುಷ್ಕರ ಅಂದಮೇಲೆ ಅವಳು ಬೆರಳೂ ಆಡಿಸುವವಳಲ್ಲ.

ಸೋಮವಾರ ಬೆಳಿಗ್ಗೆ ದೊಡ್ಡಮ್ಮನೂ ನಾನೂ ನೋಟಿಸು ಹಿಡಿದು ನಿರ್ದೇಶಕರ ಕೋಣೆಗೆ ಹೋದೆವು. ಅವರು ಎರಡು ಸಲ ಓದಿದರು.

‘ಊಟದ ಹೊತ್ತಲ್ಲಿ ಮುಷ್ಕರವಾ? ಆಗ ಯಾರೂ ಕೆಲಸ ಮಾಡೋದೇ ಇಲ್ವಲ್ಲ!’

‘ನಾವು ಕೇಳ್ತಾ ಇರೋದೂ ಅದನ್ನೇ ಸಾರ್. ಯಾರೂ ಮಾಡಬಾರದು’ ಅಂದರು ದೊಡ್ಡಮ್ಮ.

‘ಧಾರಾಳವಾಗಿ ಮಾಡ್ಕೊಳ್ಳಿ’ ಅಂದರು. ನಾವು ಬಾಗಿಲು ದಾಟಿದ ಮೇಲೂ ಅವರ ನಗು ಕೇಳುತ್ತಿತ್ತು.

ಹನ್ನೆರಡೂವರೆಗೆ ಸದಸ್ಯರೆಲ್ಲ ಮೂರನೇ ಮೇಜಿನ ಸುತ್ತ ಕೈಕಟ್ಟಿ ನಿಂತೆವು. ದೊಡ್ಡಮ್ಮ ಕಳೆದ ವಾರದ್ದನ್ನೆಲ್ಲ ಎಲ್ಲರಿಗೂ ಹೇಳಿದ್ದರು. ಅರ್ಧ ಜನ ನಂಬಿರಲಿಲ್ಲ. ‘ಖಾಲಿ ಸ್ಟೂಲಿನ ಮುಂದೆ ಮುಷ್ಕರ ಅಂದ್ರೆ ಪೇಪರಿನವರು ನಮ್ಮನ್ನೇ ಆಸ್ಪತ್ರೆಗೆ ಸೇರಿಸಿ ಅಂತ ಬರೀತಾರೆ’ ಅಂತ ಒಂದನೇ ಮೇಜಿನವನು ಪಿಸುಗುಟ್ಟಿದ. ಸ್ಟೂಲು ಕಿರ್ ಅಂದಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಫ್ಲಾಸ್ಕು ಮೇಲೆದ್ದಿತು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಓದಿದರು. ಗೇಟಿನ ಮುಂದೆ ನೂರಾರು ಜನರಿಗೆ ಓದುವ ಅದೇ ದನಿ. ‘ಈ ಹೊತ್ತಿನಿಂದ ಮುಷ್ಕರ. ಕೆಲಸ ಎಲ್ಲಿದೆಯೋ ಅಲ್ಲೇ ನಿಲ್ಲತಕ್ಕದ್ದು. ಇದು ಮೂರನೇ ಮೇಜಿಗೂ ಅನ್ವಯಿಸುತ್ತದೆ. ಸದಸ್ಯರಾದ ನೀವು ಸಂಘದ ಮಾತನ್ನು ಎಂದೂ ಮೀರಿದವರಲ್ಲ.’ ಕೊನೆಯ ಸಾಲು ನೋಟಿಸಿನಲ್ಲಿರಲಿಲ್ಲ.

ಫ್ಲಾಸ್ಕು ನಿಂತಿತು. ಒಳಗಿನ ನೀರು ಮಾತ್ರ ಒಂದೆರಡು ಸುತ್ತು ಸುತ್ತಿತು, ಅದೂ ನಿಂತಿತು. ಬಣ್ಣ ಇನ್ನೂ ಕೆಂಪು. ಆಮೇಲೆ ಫ್ಲಾಸ್ಕು ನಿಧಾನವಾಗಿ, ಒಡೆಯದ ಹಾಗೆ, ಮೇಜಿಗೆ ಇಳಿಯಿತು.

ಆಗಲೇ ಎದುರು ಕೋಣೆಯೊಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಗಾಜಿನ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ ಸದ್ದು. ಅದು ದೊಡ್ಡಮ್ಮನ ಸೂಕ್ಷ್ಮಜೀವಿ ವಿಭಾಗ. ಅದಕ್ಕೆ ಬೀಗ ಹಾಕಿತ್ತು, ಬೀಗದ ಕೈ ನನ್ನ ಜೇಬಿನಲ್ಲಿತ್ತು. ದೊಡ್ಡಮ್ಮ ನಮ್ಮ ನಡುವೆಯೇ ನಿಂತಿದ್ದರು.

‘ನಲ್ಲಿಯ ವಾಷರ್ ಹೋಗಿರಬೇಕು’ ಅಂದರು, ಯಾರ ಮುಖವನ್ನೂ ನೋಡದೆ. ‘ನಡೀರಿ, ಊಟ ಆರುತ್ತೆ.’

ಸಂಜೆ ಹೋದಾಗ ಭಾವನ ಮುಖದಲ್ಲಿ ಗೆಲುವಿತ್ತು. ‘ಹನ್ನೆರಡೂಮುಕ್ಕಾಲಿಗೆ ಪಕ್ಕಕ್ಕೆ ಹೊರಳಿದಳಪ್ಪ. ಆಮೇಲೆ ಏನು ಗೊರಕೆ ಅಂತೀಯ! ಲಾರಿ ಸ್ಟಾರ್ಟ್ ಮಾಡಿದ ಹಾಗೆ.’ ಅಕ್ಕ ಊಟದ ಮೇಜಿನ ಮುಂದೆ ಕೂತಿದ್ದಳು. ತಾನೇ ಲೋಟ ಎತ್ತಿ ನೀರು ಕುಡಿದಳು. ಬೆರಳು ಒಣಗಿದ್ದವು.

‘ಯಾರೋ ಮುಷ್ಕರ ಅಂದ ಹಾಗಾಯ್ತು. ಸರಿ ಅಂತ ಎದ್ದೆ. ಇನ್ನು ನಾನು ಹೋಗಲ್ಲ ಬಿಡು’ ಅಂದಳು.

‘ಅಲ್ಲಿ ಒಬ್ಬಳೇ ಕೂತಿರೋಕೆ ಹೆದರಿಕೆ ಆಗ್ತಿರಲಿಲ್ಲವೇನೇ?’

‘ಒಬ್ಬಳೇ ಎಲ್ಲಿ?’ ಅಕ್ಕ ನಕ್ಕಳು. ‘ಕಟ್ಟಡ ಪೂರ್ತಿ ಜನ. ದೊಡ್ಡಮ್ಮ ಗೋಡೆಗೆ ಮುಖ ಮಾಡಿ ತಟ್ಟೆ ತೊಳೀತಾ ಇರ್ತಾರೆ. ಟೈಪಿನವರು, ಲೆಕ್ಕದವರು, ಎಲ್ಲರೂ ಇರ್ತಾರೆ. ಒಬ್ಬರೂ ಒಂದು ಮಾತಾಡಲ್ಲ.’

‘ಮತ್ತೆ ಎರಡನೇ ಮೇಜು, ನಂದು?’

ಅಕ್ಕ ತನ್ನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.

‘ಎಷ್ಟು ಇಳಿದುಹೋಗಿದ್ದೀಯೋ’ ಅಂದಳು. ‘ಮೊದಲು ಕೂತು ಉಣ್ಣು.’