ಅಮವಾಸ್ಯೆ ದಾಟಿಸುವ ಫಂಕ್ಷನ್

ವಡಗಾವಿಯ ಕಲ್ಮೇಶ ಕೀಲಿಮಣೆ ಮುಟ್ಟಿದರೆ ಸಾಂಬ್ರಾದಲ್ಲಿ ಇಳಿಯುವ ವಿಮಾನವೂ ಅರೆಗಳಿಗೆ ಆಕಾಶದಲ್ಲೇ ನಿಂತು ನೋಡುತ್ತಿತ್ತು. ಡೇಟಾಬೇಸಿನ ಜೊತೆ ಅವನು ನೇರ ಮಾತಾಡುವವನಲ್ಲ. ನಡುವೆ ಅವನ ಕೋಡನ್ನು ಡೇಟಾಬೇಸಿನ ಭಾಷೆಗೆ ತಿರುಗಿಸುವ ಓಆರ್‌ಎಂ ಎಂಬ ದುಭಾಷಿ. ಆ ದುಭಾಷಿಗೂ ಗೊತ್ತಿರದ ತಾರೀಖಿನ ಫಂಕ್ಷನ್ ಎಂಬ ಕೋಡಿನ ತುಣುಕೊಂದನ್ನು ತಾನೇ ಬರೆದು ಕಲಿಸಿದ್ದ. ನೇಕಾರರ ಸೀರೆ ಆರ್ಡರುಗಳಿಗೆಂದು ಬರೆದದ್ದು: ತಾರೀಖು ಅಮವಾಸ್ಯೆಗೆ ಬಿದ್ದರೆ ಮರುದಿನಕ್ಕೆ ದೂಡುತ್ತಿತ್ತು. ಅಮವಾಸ್ಯೆಯಂದು ಹೊಸ ಸೀರೆ ಒಯ್ಯುವವರು ಮೂರು ಲೋಕದಲ್ಲೂ ಇಲ್ಲವಲ್ಲ!

ಎರಡು ತಿಂಗಳ ಹಿಂದೆ ಖಾನಾಪುರದ ಒಂದು ದವಾಖಾನೆಗೆ ನಾಯಿ ಕಚ್ಚಿದವರ ಇಂಜೆಕ್ಷನ್ ಪಟ್ಟಿ ಮಾಡಿಕೊಟ್ಟಾಗ, ಅದೇ ಫಂಕ್ಷನ್ನನ್ನು ಎತ್ತಿ ಅಲ್ಲೂ ಕೂರಿಸಿದ್ದ.

ಒಂದು ದಿನ ಮಧ್ಯಾಹ್ನ ಆ ದವಾಖಾನೆಯ ನರ್ಸ್ ಪ್ರಮಿಳಾ ಫೋನು ಮಾಡಿದಳು. “ಸಾಹೇಬ್ರ, ಇವತ್ತ ಪಟ್ಟಿ ಪೂರಾ ಖಾಲಿ ಐತ್ರಿ. ಖಾನಾಪುರದ ನಾಯಿಗೋಳು ಸನ್ಯಾಸ ತಗೊಂಡಾವೇನ್ರಿ?”

ಕಲ್ಮೇಶ ಗಹಗಹಿಸಿ ನಕ್ಕ. ನಗುನಗುತ್ತಲೇ ಗೋಡೆಯ ಕ್ಯಾಲೆಂಡರ್ ನೋಡಿದ. ಇವತ್ತಿನ ಮನೆಯಲ್ಲಿ ಅಮವಾಸ್ಯೆಯ ಕರಿ ಚುಕ್ಕೆ. ಇವತ್ತಿನವರನ್ನೆಲ್ಲ ಅವನ ಫಂಕ್ಷನ್ನೇ ನಾಳೆಗೆ ದೂಡಿತ್ತು.

ಫಂಕ್ಷನ್ ಕಿತ್ತು, ಕ್ವೆರಿ ಓಡಿಸಿ ಇವತ್ತಿನ ಪಟ್ಟಿ ಮತ್ತೆ ಕೇಳಿದ. ಹನ್ನೊಂದು ಹೆಸರು! ಹತ್ತು ಜನ ಫೋನಿಗೆ ಸಿಕ್ಕರು, ಇವತ್ತೇ ಬರುತ್ತೇವೆಂದರು. ಹನ್ನೊಂದನೆಯವನು ಪಾರಿಶ್ವಾಡದ ಕುರಿಗಾಹಿ ಬಂಡೆಪ್ಪ. ಕಚ್ಚಿದ್ದು ಕುತ್ತಿಗೆಗೆ. ಮೂರನೇ ದಿನದ ಡೋಸು. ಫೋನು ಬಂದ್. ಪ್ರಮಿಳಾಗೆ ಮತ್ತೆ ಫೋನು ಹಚ್ಚಿ ಕೇಳಿದ.

“ಅವರು ಮುಂಜಾನೆ ಬಂದಿದ್ರಲ್ರೀ,” ಪ್ರಮಿಳಾಳ ದನಿ ಸಣ್ಣಗಾಯಿತು. “ಹೆಸರಿಲ್ಲ, ಹೋಗ್ರಿ ಅಂತ ನಾನ ಕಳಿಸೀನಿ. ನಾಳೆ ನಮಗ ಸೂಟಿ.”

“ಬಾಗಲಾ ಹಾಕಬ್ಯಾಡ್ರಿ, ನಾ ಕರಕೊಂಡ ಬರ್ತೀನಿ!”

ಪಾರಿಶ್ವಾಡದ ದಾರಿಯಲ್ಲಿ ಬೈಕಿನ ಗಾಲಿ ಡಾಂಬರಿಗೆ ತಾಗಿದ್ದೇ ಸುಳ್ಳು. ದಾರಿಯ ಇಕ್ಕೆಲದ ನೂರು ನಾಯಿಗಳು, ಇಲ್ಲ, ಸಾವಿರ, ಜೊಲ್ಲು ಸುರಿಸುತ್ತ ಅವನೊಬ್ಬನನ್ನೇ ನೋಡುತ್ತಿದ್ದವು. ಹುಚ್ಚುನಾಯಿ ವಿಷಕ್ಕೆ ಕುತ್ತಿಗೆಯಿಂದ ಮಿದುಳಿಗೆ ಎಷ್ಟು ಹಾದಿ? ಗೇಣು ದೂರ.

ಬಂಡೆಪ್ಪ ಅಂಗಳದಲ್ಲಿ ಕಂಬಳಿ ಹೊದ್ದು ಕೂತಿದ್ದ. ಹೆಂಡತಿ ಮಾಯಕ್ಕ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. “ನೋಡಪಾ, ಮುಂಜಾನಿಂದ ಹನಿ ನೀರ ಮುಟ್ಟವಲ್ಲ.”

ಹುಚ್ಚುನಾಯಿ ರೋಗ ಏರಿದವರು ನೀರಿಗೆ ಅಂಜುತ್ತಾರೆಂದು ಕಲ್ಮೇಶ ಕೇಳಿದ್ದ. “ನೀರು... ನೀರು ಕಂಡ್ರ ಅಂಜಿಕಿ ಆಗತೈತೇನ್ರಿ, ಕಾಕಾ?”

“ಅಂಜಿಕಿ ಯಾತರದೋ? ಅಮವಾಸಿ ಉಪಾಸ!” ಬಂಡೆಪ್ಪ ಗದರಿದ.

ಕಲ್ಮೇಶನಿಗೆ ಹೋದ ಜೀವ ಅರ್ಧ ಬಂತು. “ಏಳ್ರಿ, ಇಂಜೆಕ್ಷನ್ ಇವತ್ತ ಆಗಬೇಕು.”

“ಅಮವಾಸಿ ದಿನ ಮೈಗೆ ಸೂಜಿ ಚುಚ್ಚಿಸ್ಕೋತಾರೇನು? ಕಂಪ್ಯೂಟರಿಗೂ ತಿಳಿದೈತಿ. ಅದನ್ನ ಮಾಡಿದಾಂವ ಶಾಣ್ಯಾ ಮನಷ್ಯಾ!”

ಜೀವಮಾನದಲ್ಲಿ ಹೊಗಳಿಕೆ ಕೇಳಿ ಅವನು ಬೆವೆತದ್ದು ಅದೊಂದೇ ಸಲ. “ಮಾಡಿದಾಂವ ನಾನರೀ, ಕಾಕಾ. ತಪ್ಪು ಮಾಡೀನಿ.”

ಮಾಯಕ್ಕ ತಂಬಿಗೆ ಕೆಳಗಿಟ್ಟಳು. “ಏಳೋ ಮುದುಕಾ! ದೇವರಿಗೆ ನಾ ಹೇಳ್ಕೋತೀನಿ, ನೀ ಗಾಡಿ ಹತ್ತು.”

ಬೈಕಿನ ಹಿಂದೆ ಕೂತ ಬಂಡೆಪ್ಪ ಅವನ ಕಿವಿಯ ಹತ್ತಿರ ಕೇಳಿದ: “ಹೋದ ಅಮವಾಸಿಗೂ ಹಿಂಗ ಮಂದೀನ ತಿರುಗಿ ಕಳಿಸಿತ್ತೇನಪಾ?”

ಕಲ್ಮೇಶ ಗಾಡಿಯನ್ನು ನೇರ ದವಾಖಾನೆಗೆ ಓಡಿಸಿದ. ಪ್ರಮಿಳಾ ಬಂಡೆಪ್ಪನ ತೋಳಿಗೆ ಸೂಜಿ ಇಳಿಸುತ್ತಿದ್ದಾಗ ಅವನು ಅವಳ ಕಂಪ್ಯೂಟರಿನ ಮುಂದೆ ಕೂತು ಹೋದ ಅಮವಾಸ್ಯೆಯ ತಾರೀಖು ಕೊಟ್ಟ. ಒಂಬತ್ತು ಹೆಸರು. ಎಂಟು ಜನ ಮರುದಿನ ಬಂದು ಹಾಕಿಸಿಕೊಂಡಿದ್ದರು. ಒಬ್ಬರ ಹೆಸರಿನ ಮುಂದೆ ಮಾತ್ರ ಏನೂ ಇರಲಿಲ್ಲ: ಭೀಮಕ್ಕ.

ಅವಳ ನಂಬರು ಒತ್ತಿದ. ಆ ಕಡೆ ರಿಂಗ್ ಆಗುತ್ತಲೇ ಇತ್ತು.